ಎಡಗಾಲಿಗೊಂದು ಸೆಕೆಂಡು: ನಮ್ಮ ಸ್ಕೂಲ್ ಬ್ಯಾಂಡು, ನಮ್ಮ ಹಾಡಿನ ಗುಂಪು

ಆಗಸ್ಟ್ ತಿಂಗಳಲ್ಲಿ ಜಡಿಮಳೆ ಹಿಡ್ಕೊಂಡ್ರೆ ನಂಗೆ ಈಗ್ಲೂ ಮೊದ್ಲು ಬರೋ ಯೋಚನೆ ಅಂದ್ರೆ, ಅಯ್ಯೋ ಡ್ರಮ್ಮಿನ ಚರ್ಮ ಸಡ್ಲ ಆಗಿರುತ್ತೆ ಅನ್ನೋದು. ಡ್ರಮ್ ಕೆಳಗಿಟ್ಟು ಎಷ್ಟೋ ವರ್ಷ ಆಯ್ತು, ಆದ್ರೂ ಆ ಚಿಂತೆ ಹೋಗಿಲ್ಲ.

ನಾನು ಹುಣಸೂರಲ್ಲಿ ಎಂಟನೇ ಕ್ಲಾಸಿಗೆ ಸೇರಿದ್ದು 1994ರಲ್ಲಿ. ಸ್ಕೂಲಲ್ಲಿ ಒಂದು ಬ್ಯಾಂಡ್ ಸೆಟ್ ಇತ್ತು, ಒಂದು ಬಿಗ್ ಡ್ರಮ್, ನಾಲ್ಕು ಸೈಡ್ ಡ್ರಮ್, ಒಂದು ಜೊತೆ ದೊಡ್ಡ ತಾಳ, ಎರಡು ಬ್ಯೂಗಲ್, ಒಂದು ಟ್ರೈಆಂಗಲ್, ಒಂದಷ್ಟು ಫ್ಲೂಟು. ಪಿಟಿ ಮೇಷ್ಟ್ರು ಹುಡುಗ್ರನ್ನ ಆರಿಸಿದ ರೀತಿ ನೆನೆಸ್ಕೊಂಡ್ರೆ ಈಗ್ಲೂ ಖುಷಿಯಾಗುತ್ತೆ, ಯಾರಿಗೆ ತಾಳ ಬರುತ್ತೆ ಅಂತ ಅವ್ರು ಕೇಳ್ಲೇ ಇಲ್ಲ, ಎಲ್ರನ್ನೂ ಗ್ರೌಂಡ್ ಸುತ್ತ ನಡೆಸಿದ್ರು, ನಡೀತಾ ನಡೀತಾ ಹದಿನೇಳರ ಮಗ್ಗಿ ಹೇಳಿ ಅಂದ್ರು. ಮಗ್ಗಿ ತಪ್ಪಿದ್ರೂ ಪರವಾಗಿಲ್ಲ, ಹೆಜ್ಜೆ ತಪ್ಪಬಾರ್ದು. ನಂಗೆ ಮಗ್ಗಿ ತಪ್ಪಿತು, ಹೆಜ್ಜೆ ತಪ್ಪಲಿಲ್ಲ, ಸೈಡ್ ಡ್ರಮ್ ಸಿಕ್ತು.

ಸಿಕ್ತು ಅಂದ್ರೆ ಕೈಗೆ ಸಿಗ್ಲಿಲ್ಲ. ಮೊದಲ ಒಂದೂವರೆ ತಿಂಗಳು ನಮಗೆ ಡ್ರಮ್ಮೇ ಮುಟ್ಟೋಕೆ ಬಿಡ್ಲಿಲ್ಲ. ಒಂದು ಹಲಗೆ, ಅದರ ಮೇಲೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಎಳೆದು ಮೊಳೆ ಹೊಡೆದಿದ್ದು, ಸೀಬೆ ಕೊಂಬೆ ಕೆತ್ತಿ ಮಾಡ್ಕೊಂಡ ಎರಡು ಕೋಲು, ಅಷ್ಟೇ. ಟ್ಯೂಬಿನ ಮೇಲೆ ಹೊಡೆದ್ರೆ ಕೋಲು ತಾನಾಗೇ ಎಗರುತ್ತೆ, ಆ ಎಗರಾಟನ ಹಿಡಿಯೋದೇ ವಿದ್ಯೆ. ಬಲಗೈಯಲ್ಲಿ ಕೋಲನ್ನ ಸುತ್ತಿಗೆ ಹಿಡಿದ ಹಾಗೆ ಹಿಡಿಬಹುದು ಆದ್ರೆ ಎಡಗೈ ಹಾಗಲ್ಲ, ಅಂಗೈ ಮೇಲಕ್ಕೆ ಇರ್ಬೇಕು, ಕೋಲು ಹೆಬ್ಬೆರಳ ಸಂದಿಯಲ್ಲಿ ಸಿಕ್ಕಿ ಉಂಗುರದ ಬೆರಳಿನ ಮೇಲೆ ಕೂರಬೇಕು. ಯಾಕೆ ಅಂತ ಡ್ರಮ್ ನೇತಾಕಿಕೊಂಡ ದಿನ ಗೊತ್ತಾಯ್ತು, ಪಟ್ಟಿ ಬಲ ಹೆಗಲಿಂದ ಬರುತ್ತಲ್ಲ, ಡ್ರಮ್ಮು ಎಡತೊಡೆ ಮೇಲೆ ಓರೆಯಾಗಿ ಕೂರುತ್ತೆ, ಎಡಗೈನ ಬಲಗೈ ಥರಾನೇ ಹಿಡಿದ್ರೆ ಮೊಣಕೈ ಆಕಾಶಕ್ಕೆ ಹೋಗುತ್ತೆ. ಬಲಗೈಲಿ ಎರಡು, ಎಡಗೈಲಿ ಎರಡು, ಇದಕ್ಕೆ ಡ್ಯಾಡಿ-ಮಮ್ಮಿ ಅಂತಿದ್ವಿ, ನಿಧಾನಕ್ಕೆ ಶುರುಮಾಡಿ ಜೋರು ಮಾಡ್ತಾ ಹೋದ್ರೆ ಕೊನೆಗೆ ಒಂದೊಂದೇ ಏಟು ಕೇಳೋದು ನಿಂತು ಕಾಳು ಸುರಿದ ಹಾಗೆ ಆಗುತ್ತೆ. ಅದು ಮೊದಲ ಸಲ ನನ್ನ ಕೈಲಿ ಬಂದಿದ್ದು ಮನೆ ಜಗಲಿ ಮೇಲೆ, ಅಮ್ಮ ಒಳಗಿಂದ ಏನೋ ಚೆಲ್ಲಿದೆಯೇನೋ ನೋಡೋ ಅಂದ್ರು.

ಇನ್ನು ಹೆಜ್ಜೆ. ಕವಾಯತಿನ ತೇಜ್ ಚಲ್ ಅಂದ್ರೆ ನಿಮಿಷಕ್ಕೆ 120 ಹೆಜ್ಜೆ. ಬಿಗ್ ಡ್ರಮ್ಮಿನ ಢಂ ಬೀಳೋದು ಎಡಗಾಲಿಗೆ, ಅಂದ್ರೆ ನಿಮಿಷಕ್ಕೆ 60, ಸರಿಯಾಗಿ ಸೆಕೆಂಡಿಗೊಂದು. ಮೇಷ್ಟ್ರು ಆಫೀಸಿನ ಗೋಡೆ ಗಡಿಯಾರ ಬಿಚ್ಚಿ ತಂದು ಸ್ಟೇಜ್ ಮೇಲಿಟ್ಟು ಕದಮ್ ತಾಲ್, ಅಂದ್ರೆ ನಿಂತಲ್ಲೇ ಹೆಜ್ಜೆ ಹಾಕೋದು, ಮಾಡಿಸ್ತಿದ್ರು, ಮುಳ್ಳು ಟಿಕ್ ಅಂದಾಗ ಎಡಗಾಲು ನೆಲದಲ್ಲಿರ್ಬೇಕು. ಆಮೇಲೆ ಗಡಿಯಾರಕ್ಕೆ ಟವಲ್ ಮುಚ್ಚೋರು, ನಾವು ಒಂದು ನಿಮಿಷ ಹೆಜ್ಜೆ ಹಾಕಿ ನಿಲ್ಲಬೇಕು, ಟವಲ್ ತೆಗೆದು ನೋಡೋರು. ಮೊದಮೊದಲು 52, 53 ಸೆಕೆಂಡಿಗೇ ಮುಗಿಸಿಬಿಡ್ತಿದ್ವಿ, ಹುಡುಗ್ರಿಗೆ ಯಾವಾಗ್ಲೂ ಅವಸರ. ಎರಡು ತಿಂಗಳಾದ್ಮೇಲೆ 59, 60, ಒಂದೊಂದ್ಸಲ 61. ಆವತ್ತಿಂದ ನನ್ನ ಎಡಗಾಲಲ್ಲಿ ಒಂದು ಗಡಿಯಾರ ಕೂತುಬಿಟ್ಟಿದೆ, ಬಸ್ ಸ್ಟ್ಯಾಂಡಲ್ಲಿ ನಿಂತಿದ್ರೂ ಹೊಡ್ಕೊಳ್ತಾ ಇರುತ್ತೆ.

ಮಳೆ ವಿಷಯಕ್ಕೆ ಬರ್ತೀನಿ. ನಮ್ಮದು ಹಗ್ಗ ಬಿಗಿಯೋ ಹಳೇ ಡ್ರಮ್ಮು, ಹಗ್ಗದ ಮೇಲೆ ಚರ್ಮದ ಚಿಕ್ಕ ಪಟ್ಟಿಗಳಿರುತ್ತೆ, ಅವನ್ನ ಕೆಳಕ್ಕೆ ಎಳೆದ್ರೆ ಬಿಗಿಯಾಗುತ್ತೆ. ಆದ್ರೆ ಆಗಸ್ಟ್ 15ಕ್ಕೆ ಹುಣಸೂರು ಕಡೆ ಥಂಡಿ ಹಾಗಿರುತ್ತಲ್ಲ, ಎಷ್ಟು ಎಳೆದ್ರೂ ಸೈಡ್ ಡ್ರಮ್ಮು ಒದ್ದೆ ಗೋಣಿಚೀಲ ಬಡಿದ ಹಾಗೆ ಡಬ್ ಡಬ್ ಅನ್ನೋದು. ಬೆಳಗ್ಗೆ ಆರಕ್ಕೇ ಬಂದು ಶೆಡ್ ಹಿಂದೆ ನ್ಯೂಸ್‌ಪೇಪರ್ ಉರಿಸಿ ಡ್ರಮ್ಮನ್ನ ಮೊಣಕಾಲು ಎತ್ತರದಲ್ಲಿ ಹಿಡ್ಕೊಂಡು ತಿರುಗಿಸ್ತಾ ಕಾಯಿಸ್ತಿದ್ವಿ, ಹತ್ರ ಹಿಡಿದ್ರೆ ಚರ್ಮ ಬಿರಿಯುತ್ತೆ ದೂರ ಹಿಡಿದ್ರೆ ಏನೂ ಆಗಲ್ಲ, ಬೆರಳಲ್ಲಿ ತಟ್ಟಿ ಟಣ್ ಅನ್ನೋ ತನಕ. ಆ ಹೊಗೆ ವಾಸನೆ, ಬ್ಯೂಗಲ್ ತಿಕ್ಕಿದ ಹುಣಸೆಹಣ್ಣಿನ ವಾಸನೆ, ಶೂಗೆ ಹಚ್ಚಿದ ಸೀಮೆಸುಣ್ಣ, ಇದು ಮೂರೂ ಸೇರಿದ್ರೆ ನಂಗೆ ಸ್ವಾತಂತ್ರ್ಯ ದಿನ.

ದಸರಾಕ್ಕೆ ಮೇಷ್ಟ್ರು ನಮ್ಮನ್ನ ಮೈಸೂರಿಗೆ ಕರ್ಕೊಂಡು ಹೋಗಿದ್ರು, ಸಯ್ಯಾಜಿ ರಾವ್ ರಸ್ತೆಲಿ ಬೆಳಗ್ಗೆಯಿಂದ ನಿಂತು ಜಂಬೂ ಸವಾರಿ ನೋಡಿದ್ವಿ. ಅಂಬಾರಿ ಬರೋಕೆ ಮುಂಚೆ ಪೊಲೀಸ್ ಬ್ಯಾಂಡ್ ಬಂತು. ಜನ ಎಲ್ಲ ಆನೆ ಎಲ್ಲಿ ಅಂತ ಕತ್ತು ಉದ್ದ ಮಾಡ್ತಿದ್ರೆ ನಾವು ನಾಲ್ಕು ಜನ ಡ್ರಮ್ಮಿನವರ ಮಣಿಕಟ್ಟು ನೋಡ್ತಾ ನಿಂತಿದ್ವಿ. ಮುಂದೆ ಮೆರವಣಿಗೆ ನಿಂತಾಗ ಅವ್ರೂ ನಿಂತ್ರು, ಆದ್ರೆ ಕಾಲು ನಿಲ್ಲಲಿಲ್ಲ, ನಿಂತಲ್ಲೇ ಕದಮ್ ತಾಲ್, ಏಟೂ ನಿಲ್ಲಲಿಲ್ಲ. ನಮ್ಮ ಗ್ರೌಂಡಲ್ಲಿ ಬೇಜಾರು ತರಿಸ್ತಿದ್ದ ಕದಮ್ ತಾಲ್ ಯಾತಕ್ಕೆ ಅಂತ ಆವತ್ತು ಅರ್ಥ ಆಯ್ತು.

ಒಂಬತ್ತನೇ ಕ್ಲಾಸಲ್ಲಿ ಕನ್ನಡ ಮಿಸ್ಸು ಹಾಡಿನ ಗುಂಪಿಗೂ ಸೇರಿಸ್ಕೊಂಡ್ರು. ಕಷ್ಟ ಇದ್ದಿದ್ದು ಇಲ್ಲಿ. ಹುಡುಗೀರಿಗೆ ಐದು ಮನೆ ಶ್ರುತಿ, ಅಂದ್ರೆ ಹಾರ್ಮೋನಿಯಂನ ಐದನೇ ಬಿಳಿ ಮನೆಯಿಂದ ಶುರುವಾಗೋ ಎತ್ತರದ ಶ್ರುತಿ, ಸಲೀಸು, ನಮಗೆಲ್ಲ ಆಗ ತಾನೇ ಗಂಟಲು ಒಡೀತಿತ್ತು, ಮೇಲಿನ ಷಡ್ಜ ಎಟಕ್ತಿರ್ಲಿಲ್ಲ, ಕೆಳಗೆ ಹಾಡಿದ್ರೆ ಗೊರಗೊರ. ಮಿಸ್ಸು ಹುಡುಗರನ್ನ ಬಿಟ್ಟುಬಿಡಬಹುದಿತ್ತು, ಬಿಡ್ಲಿಲ್ಲ. ಪಲ್ಲವಿ ಮಾತ್ರ ನಾವೂ ಹಾಡ್ಬೇಕು, ಚರಣಕ್ಕೆ ಹಿಂದೆ ಬರೀ ಸ ಪ ಅಂತ ಬಾಯಿ ಮುಚ್ಕೊಂಡು ಮ್ಮ್ ಅನ್ಬೇಕು, ತಂಬೂರಿ ಥರ. ಆಮೇಲೆ ಹಳೇ ಮೈಸೂರಿನ ನಮ್ಮ ಬಾಯಿ, ಹಾಡು ಅನ್ನೋಕೆ ಆಡು ಅಂತಿದ್ವಿ, ಹೂವು ಹೋಗಿ ಊವು. ಅಂಗೈನ ಬಾಯಿ ಮುಂದೆ ಹಿಡಿಸೋರು, ಹ ಅಂದಾಗ ಬಿಸಿ ಗಾಳಿ ತಾಗಬೇಕು, ತಾಗೋ ತನಕ ಮುಂದಿನ ಸಾಲಿಲ್ಲ. ಇನ್ನೊಂದು ಅವ್ರು ಕಲಿಸಿದ್ದು ಉಸಿರು. ಎಲ್ರೂ ಒಂದೇ ಜಾಗದಲ್ಲಿ ಉಸಿರು ತಗೊಂಡ್ರೆ ಹಾಡಲ್ಲಿ ಗುಂಡಿ ಬೀಳುತ್ತೆ ಅಂತ ನಮ್ಮನ್ನ ಒಂದು ಎರಡು ಅಂತ ಎಣಿಸಿ, ಒಂದನೇವ್ರು ಈ ಪದದ ಮುಂಚೆ, ಎರಡನೇವ್ರು ಆ ಪದ ಆದ್ಮೇಲೆ ಅಂತ ಬೋರ್ಡಲ್ಲಿ ಗುರುತು ಹಾಕಿದ್ರು. ಪಕ್ಕದವನು ಉಸಿರು ತಗೊಳ್ಳೋ ಹೊತ್ತಿಗೆ ನಾನು ಸ್ವರ ಹಿಡಿದಿರ್ಬೇಕು, ನಾನು ತಗೊಂಡಾಗ ಅವನು. ಕೇಳೋರಿಗೆ ಯಾರೂ ಉಸಿರೇ ಆಡದ ಹಾಗಿರೋದು.

ಆದ್ರೂ ನಾವು ಎಳೀತಿದ್ವಿ. ರಾಷ್ಟ್ರಗೀತೆ 52 ಸೆಕೆಂಡು ಅಂತ ಇದೆ, ನಮ್ಮದು 65 ದಾಟೋದು, ಕೊನೆಗೆ ಬರೋ ಜಯ ಹೇ ಅಂತೂ ಯಾರಿಗೂ ಬಿಡೋಕೆ ಮನಸ್ಸಿರ್ಲಿಲ್ಲ. ಒಂದಿನ ಮಿಸ್ಸು ನನ್ನನ್ನ ಮುಂದಿನ ಸಾಲಿನ ಮಧ್ಯಕ್ಕೆ ತಂದು ನಿಲ್ಲಿಸಿ, ನೀನು ಡ್ರಮ್ಮಿನವನಲ್ವೇನೋ, ನಿನ್ನ ಕಾಲನ್ನ ನಂಬ್ಕೊಂಡು ಹಾಡು, ಬೇರೆಯವ್ರು ನಿನ್ನ ಕೇಳ್ಕೋತಾರೆ ಅಂದ್ರು. ಸಾವಧಾನಲ್ಲಿ ನಿಂತಾಗ ಅಲ್ಲಾಡೋ ಹಾಗಿಲ್ಲ, ಅದಕ್ಕೆ ಶೂ ಒಳಗೆ ಎಡಗಾಲ ಹೆಬ್ಬೆರಳು ಮಾತ್ರ ಒತ್ತುತ್ತಾ ಹಾಡಿದೆ. 58ಕ್ಕೆ ಬಂತು, ವಾರದಲ್ಲಿ 53.

ಹತ್ತನೇ ಕ್ಲಾಸಿನ ಜನವರಿ 26. ತಾಲೂಕು ಗ್ರೌಂಡಲ್ಲಿ ಧ್ವಜಸ್ತಂಭದ ಮುಂದೆ ದೈನೇ ದೇಖ್, ಅಂದ್ರೆ ಬಲಕ್ಕೆ ನೋಡೋ ಆರ್ಡರ್, ಆಗ್ತಿದ್ದ ಹಾಗೆ ನನ್ನ ಬಲಗೈ ಕೋಲು ಜಾರಿ ಬಿತ್ತು. ಬಗ್ಗೋ ಹಾಗಿಲ್ಲ, ಹಿಂದೆ ಬರೋರು ಮುಗ್ಗರಿಸ್ತಾರೆ. ಎಡಗೈಯೊಂದರಲ್ಲೇ ಎಡಗಾಲಿನ ಏಟು ಮಾತ್ರ ಹೊಡೀತಾ ನಡೆದೆ, ಪಕ್ಕದವನು ತಿರುಗಿ ಸಹ ನೋಡದೆ ನನ್ನ ಪಾಲಿನ ಏಟೂ ತನ್ನ ಡ್ರಮ್ಮಲ್ಲಿ ತುಂಬಿಬಿಟ್ಟ. ಗ್ರೌಂಡ್ ದಾಟಿ ಥಮ್ ಅಂದ ಮೇಲೆ ನೋಡಿದ್ರೆ ಅವನ ಬೆರಳ ಸಂದಿಲಿ ರಕ್ತ. ಅವನೀಗ ದುಬೈಲಿದ್ದಾನೆ, ಫೋನ್ ಮಾಡಿದಾಗೆಲ್ಲ ಕೋಲು ಸಿಕ್ತೇನೋ ಅಂತಾನೇ ಶುರು ಮಾಡ್ತಾನೆ.

ನಾಡಗೀತೆ ನಮ್ಮ ಕಾಲದಲ್ಲಿ ಒಂದೊಂದು ಸ್ಕೂಲಲ್ಲಿ ಒಂದೊಂದು ಥರ ಹಾಡೋರು. 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು ಅಂತ ಗೊತ್ತು ಮಾಡಿತು. ನನ್ನ ಲೆಕ್ಕದಲ್ಲಿ 150 ಎಡಗಾಲು. ಹೋದ ನವೆಂಬರ್ 1ಕ್ಕೆ ಮಗಳ ಸ್ಕೂಲಿಗೆ ಹೋಗಿದ್ದೆ, ಮಕ್ಕಳು ಶುರು ಮಾಡಿದ್ರು, ನಾನು ಹಿಂದೆ ನಿಂತ್ಕೊಂಡು ಹೆಬ್ಬೆರಳು ಒತ್ತುತ್ತಾ ಹೋದೆ. 156ಕ್ಕೆ ಮುಗೀತು. ಮನೆಗೆ ಬಂದ ಮೇಲೆ ಮಗಳು, ಅಪ್ಪಾ ನಿಮ್ಮ ಚಪ್ಪಲಿ ಯಾಕೆ ಹಾಗೆ ಅಲ್ಲಾಡ್ತಿತ್ತು ಅಂದ್ಲು. ಈಗ ಅಟ್ಟದ ಮೇಲೆ ಒಂದು ಹಲಗೆ ಹುಡುಕ್ತಿದೀನಿ, ಸೈಕಲ್ ಟ್ಯೂಬ್ ಆಗ್ಲೇ ತಂದಿಟ್ಟಿದೀನಿ.