ಒಂದೇ ಸಮಿತಿಯನ್ನು ಎರಡು ಸಲ ರಚಿಸಿದ್ದು

2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯತ್ ಚುನಾವಣೆ ಮುಗಿದು ಹೊಸ ಸದಸ್ಯರು ಅಧಿಕಾರ ವಹಿಸಿಕೊಂಡ ಮೇಲೆ, ಪಂಚಾಯತ್ ಅಭಿವೃದ್ಧಿ ಅಧಿಕಾರಿಯಾಗಿದ್ದ ನನ್ನ ಮೇಜಿಗೆ ಬಂದ ಕಡತಗಳಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಯ ಪುನರ್ರಚನೆಯೂ ಒಂದಾಗಿತ್ತು. ಉಡುಪಿ ತಾಲೂಕಿನಲ್ಲಿ ಸ್ವರ್ಣಾ ನದಿಯ ದಡಕ್ಕೆ ತಾಗಿಕೊಂಡಿರುವ ಪಂಚಾಯತ್ ಅದು. ಎರಡು ಕಂದಾಯ ಗ್ರಾಮಗಳಿದ್ದುದರಿಂದ ಸಮಿತಿಯೂ ಎರಡು. ಹಳೆಯ ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಅಧ್ಯಕ್ಷೆಯ ಸ್ಥಾನದಲ್ಲಿ ಹೊಸ ವಾರ್ಡ್ ಸದಸ್ಯೆಯ ಹೆಸರು ಸೇರಿಸಿ, ಸಾಮಾನ್ಯ ಸಭೆಯಲ್ಲಿ ನಿರ್ಣಯ ಮಾಡಿಸಿ, ಎರಡನ್ನೂ ಒಂದೇ ಮಧ್ಯಾಹ್ನದಲ್ಲಿ ಮುಗಿಸಿದೆ. ನದಿ ಬದಿಯ ಗ್ರಾಮದ ಸಮಿತಿಯನ್ನು 2021ರ ಕೊನೆಗೆ ಮೊದಲಿನಿಂದ ರಚಿಸಬೇಕಾಗಿ ಬಂದದ್ದು ಆ ಮಧ್ಯಾಹ್ನದ ಅವಸರದಿಂದಲೇ.

ನಿಯಮ ನನಗೆ ಗೊತ್ತಿಲ್ಲದ್ದೇನಲ್ಲ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಅಡಿಯಲ್ಲಿ ಪ್ರತಿ ಕಂದಾಯ ಗ್ರಾಮಕ್ಕೊಂದು ಆರೋಗ್ಯ ಮತ್ತು ನೈರ್ಮಲ್ಯ ಸಮಿತಿ ಬಂತು. 2011ರಲ್ಲಿ ಅದರ ಹೆಸರಿಗೂ ಹೊಣೆಗೂ ಪೌಷ್ಟಿಕತೆ ಸೇರಿತು. 2013ರ ಮಾರ್ಗಸೂಚಿಯ ಪ್ರಕಾರ ಸಮಿತಿಯಲ್ಲಿ ಕನಿಷ್ಠ 15 ಸದಸ್ಯರಿರಬೇಕು, ಅವರಲ್ಲಿ ಅರ್ಧದಷ್ಟಾದರೂ ಮಹಿಳೆಯರಾಗಿರಬೇಕು, ಊರಿನ ಪ್ರತಿಯೊಂದು ಉಪಗ್ರಾಮಕ್ಕೂ, ಹಾಗೆಯೇ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಅಲ್ಪಸಂಖ್ಯಾತರಿಗೂ ಪ್ರಾತಿನಿಧ್ಯ ಇರಬೇಕು. ಅಧ್ಯಕ್ಷತೆ ಆ ಗ್ರಾಮದಲ್ಲಿಯೇ ವಾಸವಿರುವ ಪಂಚಾಯತ್ ಸದಸ್ಯರದ್ದು, ಆದ್ಯತೆ ಮಹಿಳೆಗೆ. ಸದಸ್ಯ ಕಾರ್ಯದರ್ಶಿ ಆಶಾ ಕಾರ್ಯಕರ್ತೆ. ತಿಂಗಳಿಗೊಮ್ಮೆ ಸಭೆ, ಜಂಟಿ ಖಾತೆ, ಊರಿನ ಅಗತ್ಯ ನೋಡಿ ಸಮಿತಿಯೇ ಖರ್ಚು ಮಾಡಲು ವರ್ಷಕ್ಕೆ 10,000 ರೂಪಾಯಿಯ ಮುಕ್ತ ನಿಧಿ. ಇವೆಲ್ಲ ನನ್ನ ಪಟ್ಟಿಯಲ್ಲಿಯೂ ಲೆಕ್ಕಕ್ಕೆ ಸರಿಯಾಗಿಯೇ ಇದ್ದವು. ಹದಿನೈದು ಹೆಸರುಗಳಿದ್ದವು, ಅವುಗಳಲ್ಲಿ ಎಂಟು ಹೆಂಗಸರದ್ದು.

ಆ ಪಟ್ಟಿಯ ಬಣ್ಣ ಬಯಲಾದದ್ದು 2021ರ ಮೇ ತಿಂಗಳಿನಲ್ಲಿ. ಕೊರೋನಾ ಎರಡನೆಯ ಅಲೆಯ ಹೊತ್ತಿಗೆ ಪಂಚಾಯತ್ ಮಟ್ಟದ ಕಾರ್ಯಪಡೆ ಮನೆಮನೆಗೆ ಹೋಗಬೇಕಿತ್ತು. ನದಿಯ ನಡುವಿನ ಕುದ್ರುವಿನಲ್ಲಿ, ಅಂದರೆ ನಡುಗಡ್ಡೆಯಲ್ಲಿ, ಎಷ್ಟು ಮನೆಗಳಲ್ಲಿ ಜನರಿದ್ದಾರೆ, ಯಾರಿಗೆ ಡಯಾಲಿಸಿಸ್ ನಡೆಯುತ್ತಿದೆ, ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂದು ಕೇಳಲು ಸಮಿತಿಯ ಪಟ್ಟಿ ತೆರೆದೆ. ಕುದ್ರುವಿನ ಪ್ರತಿನಿಧಿ ಎಂದು ಬರೆದಿದ್ದ ವ್ಯಕ್ತಿ ಎರಡು ವರ್ಷದಿಂದ ಮುಂಬೈಯಲ್ಲಿ ಮಗನ ಮನೆಯಲ್ಲಿದ್ದರು. ಪರಿಶಿಷ್ಟ ಪಂಗಡಕ್ಕೆ ಸೇರಿದ ಕೊರಗರ ಕಾಲೊನಿಯ ಪ್ರತಿನಿಧಿಯಾಗಿ ನಮೂದಾಗಿದ್ದವರು ಆ ಕಾಲೊನಿಗೆ ಹತ್ತಿರದ ಅಂಗಡಿಯ ಮಾಲಕರು, ಕಾಲೊನಿಯವರಲ್ಲ. ಇನ್ನೊಬ್ಬ ಸದಸ್ಯೆಗೆ ಫೋನು ಮಾಡಿದಾಗ, ತಾನು ಇಂಥ ಸಮಿತಿಯಲ್ಲಿ ಇರುವುದೇ ಅವರಿಗೆ ಹೊಸ ಸುದ್ದಿಯಾಗಿತ್ತು. ಕೊನೆಗೆ ಬೇಕಾದ ಮಾಹಿತಿಯನ್ನೆಲ್ಲ ಕೊಟ್ಟವರು ಆಶಾ ಕಾರ್ಯಕರ್ತೆ ಮತ್ತು ಕುದ್ರುವಿನಲ್ಲಿ ಬೀಡಿ ಕಟ್ಟುವ ಒಬ್ಬ ಹೆಂಗಸು. ಆಕೆಯ ಹೆಸರು ನನ್ನ ಯಾವ ಪಟ್ಟಿಯಲ್ಲಿಯೂ ಇರಲಿಲ್ಲ.

ಕರಾವಳಿಯ ಗ್ರಾಮಕ್ಕೆ ಇಂಥ ಮಾರ್ಗಸೂಚಿಯನ್ನು ಅನ್ವಯಿಸುವಾಗ ಒಂದು ಸಂಗತಿಯನ್ನು ನೆನಪಿಡಬೇಕು. ಘಟ್ಟದ ಮೇಲಿನ ಹಾಗೆ ಇಲ್ಲಿ ಮನೆಗಳು ಒಂದಕ್ಕೊಂದು ತಾಗಿಕೊಂಡು ಊರು ಎಂಬುದಾಗಿಲ್ಲ; ಒಂದೊಂದು ಮನೆಯೂ ತನ್ನ ತೋಟದ ನಡುವೆ ಇರುತ್ತದೆ. ಬೈಲು, ಪದವು, ಗುಡ್ಡೆ, ಕುದ್ರು ಎಂದು ಹೆಸರು ಹೇಳಿದರೆ ಮಾತ್ರ ಜಾಗ ಗೊತ್ತಾಗುತ್ತದೆ. ಮಾರ್ಗಸೂಚಿ ಹೇಳುವ ಉಪಗ್ರಾಮವೆಂದರೆ ನಮ್ಮಲ್ಲಿ ಇವೇ. ವಾರ್ಡ್ ಲೆಕ್ಕದಲ್ಲಿ ಹೋದರೆ ಕುದ್ರುವೂ ಆಚೆ ದಡದ ಬೈಲೂ ಒಂದೇ ವಾರ್ಡಿಗೆ ಸೇರಿ, ದಡದವರೊಬ್ಬರು ಎರಡಕ್ಕೂ ಪ್ರತಿನಿಧಿಯಾಗಿಬಿಡುತ್ತಾರೆ. ನಾನು ಮಾಡಿದ್ದೂ ಅದನ್ನೇ.

ಎರಡನೆಯ ಸಲ ರಚಿಸುವಾಗ, ಪಂಚಾಯತ್ ರಾಜ್ ಕಾನೂನಿನಂತೆ ಆರು ತಿಂಗಳಿಗೊಮ್ಮೆ ನಡೆಯಲೇಬೇಕಾದ ವಾರ್ಡ್ ಸಭೆಗಳನ್ನು ಬಳಸಿಕೊಂಡೆವು. ಕಚೇರಿಯಿಂದ ಹೆಸರು ಕಳುಹಿಸದೆ, ಗ್ರಾಮದ ಹನ್ನೊಂದು ಜಾಗಗಳ ಹೆಸರನ್ನು ಹಲಗೆಯ ಮೇಲೆ ಬರೆದು, ಒಂದೊಂದಕ್ಕೂ ಅಲ್ಲಿಯೇ ಮಲಗಿ ಏಳುವವರು ಯಾರು ಎಂದು ಕೇಳಿದೆವು. ಕಾಲೊನಿಯ ಹೆಸರು ಬಂದಾಗ ಸಭೆ ಸುಮ್ಮನಾಯಿತು. ಅಲ್ಲಿಂದ ಯಾರೂ ಬಂದೇ ಇರಲಿಲ್ಲ. ಮರುದಿನ ಆಶಾ ಕಾರ್ಯಕರ್ತೆಯೊಡನೆ ಅಲ್ಲಿಗೆ ಹೋದೆ. ಅಂಗನವಾಡಿಗೆ ಮಗುವನ್ನು ಬಿಡಲು ಬರುತ್ತಿದ್ದ ಒಬ್ಬ ತಾಯಿ, ತನ್ನೊಡನೆ ಅತ್ತಿಗೆಯೂ ಬರುವುದಾದರೆ ಮಾತ್ರ ಒಪ್ಪುವುದಾಗಿ ಹೇಳಿದಳು. ಇಬ್ಬರನ್ನೂ ಸೇರಿಸಿಕೊಂಡೆವು. ಮಾರ್ಗಸೂಚಿ ಕನಿಷ್ಠ ಸಂಖ್ಯೆಯನ್ನು ಹೇಳುತ್ತದೆ, ಅದಕ್ಕಿಂತ ಹೆಚ್ಚಾದರೆ ತಕರಾರಿಲ್ಲ. ಒಬ್ಬಳನ್ನೇ ಕೂರಿಸಿ, ಆಕೆ ಮಾತಾಡುವುದಿಲ್ಲ ಎಂದು ಆಮೇಲೆ ದೂರುವುದು ನಮ್ಮ ಕಚೇರಿಗಳಲ್ಲಿ ಮಾಮೂಲು. ಇಬ್ಬರಿದ್ದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡಾದರೂ ಮಾತು ಹೊರಡುತ್ತದೆ. ಹೀಗೆ ಸಮಿತಿ 19 ಜನರದ್ದಾಯಿತು.

ಬ್ಯಾಂಕಿನ ಕೆಲಸದ ಬಗ್ಗೆ ಚುಟುಕಾಗಿ ಹೇಳುತ್ತೇನೆ. 2019 ಮತ್ತು 2020ರಲ್ಲಿ ಈ ಜಿಲ್ಲೆಗಳಲ್ಲಿಯೇ ಹುಟ್ಟಿ ಬೆಳೆದ ಬ್ಯಾಂಕುಗಳು ಬೇರೆ ಬ್ಯಾಂಕುಗಳೊಂದಿಗೆ ವಿಲೀನವಾದವಷ್ಟೆ; ನಮ್ಮ ಖಾತೆಯೂ ಅಂಥದೊಂದು ಶಾಖೆಯಲ್ಲಿತ್ತು. ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಸಂಕೇತ ಬದಲಾದದ್ದನ್ನು ಮೇಲಿನ ಕಚೇರಿಗೆ ನಾವು ತಿಳಿಸಿರಲಿಲ್ಲ, ಹಾಗಾಗಿ ಒಂದು ವರ್ಷದ ನಿಧಿ ಕೈಗೆ ಬರಲಿಲ್ಲ. ಸಹಿದಾರರ ಬದಲಾವಣೆಗೆ ನಿರ್ಣಯದ ದೃಢೀಕೃತ ಪ್ರತಿ, ಇಬ್ಬರ ಆಧಾರ್ ಮತ್ತು ಭಾವಚಿತ್ರ, ಹಳೆಯ ಸಹಿದಾರರ ಬಿಡುಗಡೆ ಪತ್ರ ಬೇಕಾಯಿತು. ಸಮಿತಿ ರಚನೆಯ ನಿರ್ಣಯದಲ್ಲಿಯೇ ಖಾತೆಯ ಸಂಖ್ಯೆಯನ್ನೂ ಹೊಸ ಸಹಿದಾರರ ಹೆಸರನ್ನೂ ಒಂದು ಸಾಲಿನಲ್ಲಿ ಸೇರಿಸಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು. ಈಗ ಯಾರು ಕೇಳಿದರೂ ಮೊದಲು ಇದನ್ನೇ ಹೇಳುತ್ತೇನೆ.

ಸಭೆಯ ದಿನವನ್ನು ಗೊತ್ತುಮಾಡುವುದು ಇಷ್ಟು ದೊಡ್ಡ ವಿಷಯವಾಗಬಹುದೆಂದು ನಾನು ಎಣಿಸಿರಲಿಲ್ಲ. ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಮೂರು ಗಂಟೆ ಎಂದು ಸುತ್ತೋಲೆ ಹೊರಡಿಸಿದೆ. ಶನಿವಾರ, ಕಟ್ಟಿದ ಬೀಡಿಯನ್ನು ಕೊಡುವ ಬ್ರಾಂಚಿನಲ್ಲಿ ವಾರದ ಲೆಕ್ಕವಾಗುವ ದಿನ. ಐದು ಸದಸ್ಯೆಯರು ಬರಲಿಲ್ಲ. ಗುರುವಾರಕ್ಕೆ ಬದಲಾಯಿಸಿದಾಗ ಮೀನು ಮಾರಿ ಬರುವ ಹೆಂಗಸರಿಗೆ ಅನುಕೂಲವಾಯಿತು, ಆದರೆ ಕುದ್ರುವಿನ ಸದಸ್ಯೆ ಬರಲಿಲ್ಲ. ಕಾರಣ ಕೇಳಿದಾಗ ಆಕೆ ನಗುತ್ತಾ, "ಇಳಿತದ ಹೊತ್ತಿಗೆ ಸಭೆ ಇಟ್ಟರೆ ದೋಣಿ ಕೆಸರಿನಲ್ಲಿ ಕೂತುಕೊಳ್ತದೆ ಮೇಡಂ, ನಾನು ನಡೆದುಕೊಂಡು ಬರುವುದಾ?" ಎಂದರು. ಉಬ್ಬರ ಇಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷದಂತೆ ಮುಂದೆ ಸರಿಯುತ್ತದೆ; ಕ್ಯಾಲೆಂಡರಿನ ಗುರುವಾರಕ್ಕೂ ನದಿಗೂ ಸಂಬಂಧವಿಲ್ಲ. ಆಮೇಲೆ ಪ್ರತಿ ಸಭೆಯ ಕೊನೆಗೆ ಮುಂದಿನ ತಿಂಗಳ ದಿನವನ್ನು, ಶನಿವಾರವೊಂದನ್ನು ಬಿಟ್ಟು, ಆಕೆಯೇ ಹೇಳುವುದೆಂದು ನಿರ್ಣಯಿಸಿದೆವು. ಬೆರಳು ಮಡಚಿ ತಿಥಿ ಎಣಿಸಿ, ಆಕೆ ದಿನ ಹೇಳುವವರೆಗೆ ಅಧ್ಯಕ್ಷೆಯೂ ವೈದ್ಯಾಧಿಕಾರಿಗಳೂ ಪೆನ್ನು ಹಿಡಿದು ಕಾಯುತ್ತಿದ್ದರು. ಆಕೆ ಸಭೆಗೆ ಬರುವಾಗ ಗೆರಸೆಯನ್ನೂ ತರುತ್ತಿದ್ದರು. ಅದನ್ನು ಮಡಿಲಲ್ಲಿಟ್ಟುಕೊಂಡು, ಕತ್ತರಿಸಿದ ಎಲೆಗೆ ಹೊಗೆಸೊಪ್ಪಿನ ಪುಡಿ ತುಂಬಿ ಸುತ್ತುತ್ತಲೇ ಚರ್ಚೆ ಕೇಳುತ್ತಿದ್ದರು. ಆರೋಗ್ಯ ಸಮಿತಿಯ ಸಭೆಯಲ್ಲಿ ಬೀಡಿ ಕಟ್ಟುವುದೇ ಎಂದು ಒಬ್ಬ ಸದಸ್ಯರು ಆಕ್ಷೇಪಿಸಿದರು. ನಾನು ತಡೆಯಲಿಲ್ಲ. ಎರಡು ಗಂಟೆಯ ಮಜೂರಿ ಬಿಟ್ಟು ಬಾ ಎನ್ನಲು ಸಮಿತಿಯ ಬಳಿ ಗೌರವಧನವೇನೂ ಇರಲಿಲ್ಲ.

ಮೂರನೆಯ ಸಭೆಯಲ್ಲಿ ಆಕೆಯೇ ನನ್ನನ್ನು ಕೇಳಿದರು: "ಹೋದ ಸಲ ಬರೆದದ್ದು ಎಂತ ಆಯ್ತು?" ಹೋದ ಸಲ ಬರೆದದ್ದು ನೀರಿನ ವಿಷಯ. ಬೇಸಗೆಯಲ್ಲಿ ನದಿ ಬದಿಯ ಬಾವಿಗಳಿಗೆ ಉಪ್ಪುನೀರು ನುಗ್ಗುವುದರಿಂದ ಪಂಚಾಯತ್ ನಳ್ಳಿ ನೀರನ್ನೇ ನಂಬಬೇಕು. ನೀರು ಬಿಡುತ್ತಿದ್ದುದು ದಿನ ಬಿಟ್ಟು ದಿನ, ಆದ್ದರಿಂದ ಪ್ರತಿ ಮನೆಯಲ್ಲಿಯೂ ಡ್ರಮ್ಮುಗಳಲ್ಲಿ ತುಂಬಿಸಿಡುತ್ತಿದ್ದರು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥ ನಿಂತ ತಿಳಿನೀರೇ ತೊಟ್ಟಿಲು; ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ವಾರಕ್ಕೊಮ್ಮೆ ಡ್ರಮ್ ಬರಿದುಮಾಡಿ ಉಜ್ಜಿರಿ ಎಂದು ಇಲಾಖೆಯವರು ಹೇಳಿದಾಗ, ನಾಳೆ ನೀರು ಬರುವ ಖಾತರಿ ಇಲ್ಲದೆ ಇದ್ದ ನೀರನ್ನು ಚೆಲ್ಲುವುದು ಹೇಗೆ ಎಂದು ಕಾಲೊನಿಯ ಇಬ್ಬರೂ ಒಟ್ಟಿಗೇ ಕೇಳಿದ್ದರು. ನೀರು ಬಿಡುವ ವೇಳಾಪಟ್ಟಿಯನ್ನು ಪಂಚಾಯತ್ ಬರಹದಲ್ಲಿ ಪ್ರಕಟಿಸಬೇಕು ಎಂದು ಸಮಿತಿ ಸಲಹೆ ನೀಡಿ, ನಡಾವಳಿ ಪುಸ್ತಕದಲ್ಲಿ ದಾಖಲಿಸಿ ಎಲ್ಲರೂ ಸಹಿ ಹಾಕಿದ್ದರು. ಆ ಸಲಹೆ ಬಂದದ್ದು ನನ್ನ ಕಚೇರಿಗೇ, ಬರೆದುಕೊಂಡವಳೂ ನಾನೇ, ಏನೂ ಮಾಡದೆ ಬಿಟ್ಟವಳೂ ನಾನೇ.

ಇಂಥ ಸಮಿತಿಗಳಿಗೆ ಆದೇಶಿಸುವ ಅಧಿಕಾರವಿಲ್ಲ. ತನ್ನ ಸಣ್ಣ ನಿಧಿಯನ್ನು ಬಿಟ್ಟರೆ ಉಳಿದದ್ದೆಲ್ಲ ಸಲಹೆ, ಶಿಫಾರಸು. ಸಲಹೆಗೆ ಉತ್ತರ ಕೊಡಲೇಬೇಕು ಎಂಬ ಕಟ್ಟು ಎಲ್ಲಿಂದಲಾದರೂ ಬರಬೇಕು. ಇಲಾಖೆಯ ಪರಿಶೀಲನಾ ಸಭೆಗಳಲ್ಲಿ ನಮ್ಮನ್ನು ನಿಲ್ಲಿಸಿ ಕೇಳುವ ಅನುಪಾಲನಾ ವರದಿ ನೆನಪಾಯಿತು: ಹಿಂದಿನ ಸಭೆಯ ಪ್ರತಿಯೊಂದು ತೀರ್ಮಾನದ ಎದುರು ಏನು ಕ್ರಮವಾಯಿತೆಂದು ಬರೆದುಕೊಂಡು ಹೋಗದಿದ್ದರೆ ಮೇಲಧಿಕಾರಿಗಳು ಬಿಡುವುದಿಲ್ಲ. ಮೇಲಿನವರು ನಮ್ಮನ್ನು ಕೇಳುವುದನ್ನೇ ಊರಿನವರು ಕೇಳುವಂತಾಗಲಿ ಎಂದು, ನಡಾವಳಿ ಪುಸ್ತಕದಲ್ಲಿ ಸ್ಕೇಲಿನಿಂದ ಗೆರೆ ಎಳೆದು ಐದು ಕಾಲಂ ಮಾಡಿದೆ: ಸಲಹೆ, ಹೇಳಿದವರ ಜಾಗದ ಹೆಸರು, ಯಾರು ಮಾಡಬೇಕು, ಯಾವಾಗಿನೊಳಗೆ, ಏನಾಯಿತು. ಐದನೆಯ ಕಾಲಂ ಓದಿ ಹೇಳದೆ ಹೊಸ ವಿಷಯ ಎತ್ತುವಂತಿಲ್ಲ ಎಂದು ಸಮಿತಿಯೇ ನಿರ್ಣಯ ಮಾಡಿತು. ಜೊತೆಗೆ, ಸಮಿತಿ ಪಂಚಾಯತಿನ ಉಪಸಮಿತಿಯಾಗಿ ಕೆಲಸ ಮಾಡಬೇಕೆಂದು ಮಾರ್ಗಸೂಚಿಯೇ ಹೇಳುವುದರಿಂದ, ಅದರ ನಡಾವಳಿಯನ್ನು ಪಂಚಾಯತಿನ ಪ್ರತಿ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಖಾಯಂ ವಿಷಯವಾಗಿ ಸೇರಿಸಿದೆವು. ನೀರಿನ ವೇಳಾಪಟ್ಟಿ ಹದಿನೈದು ದಿನದೊಳಗೆ ಅಂಗನವಾಡಿಯ ಗೋಡೆಗೆ ಬಂತು. ಡ್ರಮ್ಮಿನ ಬಾಯಿಗೆ ಹಳೆಯ ಪಂಚೆ ಕಟ್ಟುವ ಉಪಾಯ ಬಂದದ್ದು ನಮ್ಮಿಂದಲ್ಲ, ಕಾಲೊನಿಯಿಂದ.

10,000 ರೂಪಾಯಿಯ ವಿನಿಯೋಗದಲ್ಲಿ ವಾದ ನಡೆಯದ ವರ್ಷವಿಲ್ಲ. ಬೇರೆ ಇಲಾಖೆಯ ಅಥವಾ ಪಂಚಾಯತಿನ ಅನುದಾನ ಇರುವ ಕಾಮಗಾರಿಗೆ ಇದನ್ನು ಬಳಸುವುದು ಸರಿಯಲ್ಲ. ತೀರಾ ನಿರ್ಗತಿಕರ ವಿಷಯ ಬಿಟ್ಟರೆ, ಒಂದಕ್ಕಿಂತ ಹೆಚ್ಚು ಮನೆಗಳಿಗೆ ಉಪಯೋಗವಾಗುವ ಕೆಲಸವೇ ಆಗಬೇಕು. ಮೊದಲ ವರ್ಷ ಫಾಗಿಂಗ್ ಮಾಡಿಸೋಣ ಎಂದು ಹಲವರು ಹೇಳಿದರು. ಹೊಗೆ ಕಣ್ಣಿಗೆ ಕಾಣುತ್ತದೆ, ಕೆಲಸ ನಡೆದಂತೆ ತೋರುತ್ತದೆ, ಆದರೆ ಲಾರ್ವಾಗಳಿಗೆ ಅದರಿಂದ ಏನೂ ಆಗುವುದಿಲ್ಲ ಎಂದು ಆರೋಗ್ಯ ನಿರೀಕ್ಷಣಾಧಿಕಾರಿಗಳು ತೆಂಗಿನ ಚಿಪ್ಪೊಂದರ ನೀರನ್ನು ಬಿಳಿ ತಟ್ಟೆಗೆ ಸುರಿದು, ಬಾಲ ಕುಣಿಸುವ ಹುಳುಗಳನ್ನು ತೋರಿಸಿ ವಿವರಿಸಿದ ಮೇಲೆ ಆ ಮಾತು ನಿಂತಿತು. ಕುದ್ರುವಿನಿಂದ ರೋಗಿಯನ್ನು ದೋಣಿಗೆ ಸಾಗಿಸಲು ಪ್ಲಾಸ್ಟಿಕ್ ಕುರ್ಚಿಯೊಂದೇ ಗತಿಯಾಗಿತ್ತು. ಆ ವರ್ಷದ ಹಣದಲ್ಲಿ ಮಡಚುವ ಸ್ಟ್ರೆಚರ್ ಕೊಂಡು, ದೋಣಿ ಕಟ್ಟುವ ಜಾಗಕ್ಕೆ ಹತ್ತಿರದ ಮನೆಯ ಚಾವಡಿಯಲ್ಲಿ ಇರಿಸಿದೆವು. ಉಳಿದ ಹಣ ಅಡಿಕೆ ಹಾಳೆ, ಚಿಪ್ಪು, ಹಳೆ ಟಯರು ಹೆಕ್ಕುವ ಶ್ರಮದಾನದ ದಿನಗಳಿಗೆ ಖರ್ಚಾಯಿತು. ಸ್ಟ್ರೆಚರನ್ನು ಮೊದಲ ಬಾರಿ ಬಳಸಿದ್ದು ಮಳೆಗಾಲದ ಆಟಿ ತಿಂಗಳ ಒಂದು ರಾತ್ರಿ, ಹೆರಿಗೆ ನೋವು ಬಂದವಳಿಗೆ. ಕತ್ತಲೆಯಲ್ಲಿ ಅದರ ಕೊಕ್ಕೆ ಹಾಕಲು ಯಾರಿಗೂ ಬರಲಿಲ್ಲವಂತೆ. ಕೊನೆಗೆ ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹೊತ್ತುಕೊಂಡು ಹೋದರು. ಮುಂದಿನ ಸಭೆಯಲ್ಲಿ ಎಲ್ಲರ ಕೈಯಲ್ಲಿಯೂ ಅದನ್ನು ಬಿಚ್ಚಿಸಿ ಮಡಚಿಸಿದೆವು. ಐದನೆಯ ಕಾಲಮಿನಲ್ಲಿ "ತರಬೇತಿ ಆಗಿದೆ" ಎಂದು ಬರೆಯುವಾಗ ನನಗೇ ಸ್ವಲ್ಪ ನಾಚಿಕೆಯಾಯಿತು.

2023ರಲ್ಲಿ ನನಗೆ ಬೇರೆ ತಾಲೂಕಿಗೆ ವರ್ಗವಾಯಿತು. ಪ್ರಭಾರ ವಹಿಸಿಕೊಡುವ ಪಟ್ಟಿಯಲ್ಲಿ ಕಂಪ್ಯೂಟರು, ಬೀರು, ರಶೀದಿ ಪುಸ್ತಕಗಳ ಜೊತೆಗೆ ಆ ನಡಾವಳಿ ಪುಸ್ತಕವನ್ನೂ ನಮೂದಿಸಿ, ಐದನೆಯ ಕಾಲಂ ಖಾಲಿ ಇರುವ ಎರಡು ವಿಷಯಗಳನ್ನು ಪುಟಸಂಖ್ಯೆ ಸಹಿತ ಬರೆದೆ. ಒಂದು, ಶಾಲೆಯ ಹಿಂದಿನ ತೋಡಿಗೆ ಮುಚ್ಚಿಗೆ. ಇನ್ನೊಂದು, ಕುದ್ರುವಿನ ದೋಣಿ ಕಟ್ಟುವ ಜಾಗಕ್ಕೆ ಒಂದು ದೀಪ. ಹೊಸದಾಗಿ ಬಂದವರು ಸಹಿ ಹಾಕುವ ಮೊದಲು, ಈ ದೀಪ ಪಂಚಾಯತಿನ ಲೆಕ್ಕಕ್ಕೆ ಬರುತ್ತದೆಯೋ ಸಮಿತಿಯ ಲೆಕ್ಕಕ್ಕೋ ಎಂದು ಕೇಳಿದರು. ಪಂಚಾಯತಿನ ಲೆಕ್ಕಕ್ಕೇ ಬರುತ್ತದೆ, ಮುಂದಿನ ಸಭೆಯ ದಿನವನ್ನು ಕುದ್ರುವಿನ ಅಕ್ಕನಲ್ಲಿ ಕೇಳಿಕೊಳ್ಳಿ ಎಂದೆ.