ಕಟ್ಟದೇ ಹೋದ ಹಡಗು, ಆಲೆ ಮರ, 1,120 ಗ್ರಾಂ: ನನ್ನ ಅನುಭವ

ಹೋದ ತಿಂಗಳು ನನ್ನ ಜಿ3 ಯುದ್ಧನೌಕೆಯ ಮಾಡೆಲ್ ಕೊನೆಗೂ ಬಣ್ಣದ ಗೆರೆಗೆ ಸರಿಯಾಗಿ ಕೂತು ತೇಲಿತು. ಮೊಮ್ಮಗಳ ಸ್ನಾನದ ಟಬ್ಬಿನಲ್ಲಿ! ಇದಕ್ಕೆ ನಾಲ್ಕು ವರ್ಷ ಹಿಡಿಯಿತು. ಮರದಲ್ಲೇ ಮೂರು ಹಲ್, ಅಂದರೆ ಹಡಗಿನ ಒಡಲು, ಕೆತ್ತಬೇಕಾಯಿತು. ದುಡ್ಡಿನ ಕಥೆ ಆಮೇಲೆ ಹೇಳುತ್ತೇನೆ. "ಕಟ್ಟೇ ಇಲ್ಲದ ಹಡಗಿಗೆ ಮಾಡೆಲ್ ಏನು ಸ್ವಾಮಿ? ಹೇಗೆ ಮಾಡಿದರೂ ಸರಿ, ಹೇಗೆ ಮಾಡಿದರೂ ತಪ್ಪು" ಅಂತ ನಮ್ಮ ಮಾಡೆಲ್ ಮಾಡುವವರ ಗುಂಪಿನ ಹಿರಿಯರೊಬ್ಬರು ಎಲ್ಲರೆದುರು ನಕ್ಕಿದ್ದರು. ಇದನ್ನು ಬರೆಯಲು ಅರ್ಧ ಕಾರಣ ಅವರೇ.

ಜಿ3 ಗೊತ್ತಿಲ್ಲದವರು ನಮ್ಮಲ್ಲಿ ಕಡಿಮೆ. ಆದರೂ ನಾಲ್ಕು ಮಾತು. 1921ರ ಅಕ್ಟೋಬರ್ ಕೊನೆಗೆ ಬ್ರಿಟಿಷ್ ನೌಕಾಪಡೆ ಇಂಥ ನಾಲ್ಕು ಹಡಗುಗಳಿಗೆ ಆರ್ಡರ್ ಕೊಟ್ಟಿತು. ಸ್ವಾನ್ ಹಂಟರ್, ಬಿಯರ್ಡ್‌ಮೋರ್, ಫೇರ್‌ಫೀಲ್ಡ್, ಜಾನ್ ಬ್ರೌನ್, ಈ ನಾಲ್ಕು ಹಡಗು ಕಟ್ಟುವ ಕಂಪನಿಗಳಿಗೆ ತಲಾ ಒಂದೊಂದು. ತಿಂಗಳು ತುಂಬುವುದರೊಳಗೆ ಯುದ್ಧನೌಕೆಗಳಿಗೆ ಮಿತಿ ಹಾಕುವ ವಾಷಿಂಗ್ಟನ್ ಸಮ್ಮೇಳನ ಶುರುವಾಯಿತು, ಕೆಲಸ ನಿಲ್ಲಿಸಿ ಅಂದರು. 1922ರ ಫೆಬ್ರವರಿಯಲ್ಲಿ ಪೂರ್ತಿ ರದ್ದು. ಹೆಸರಿಗೆ ಬ್ಯಾಟಲ್‌ಕ್ರೂಸರ್, ಅಂದರೆ ವೇಗಕ್ಕಾಗಿ ಕವಚ ತೆಳು ಮಾಡಿದ ದೊಡ್ಡ ತೋಪಿನ ಹಡಗು. ಆದರೆ 16 ಇಂಚು ಬಾಯಿಯ ಒಂಬತ್ತು ತೋಪು, 14 ಇಂಚು ದಪ್ಪದ ಪಕ್ಕದ ಉಕ್ಕಿನ ಕವಚ ಇರುವುದನ್ನು ನಾನಂತೂ ಬ್ಯಾಟಲ್‌ಶಿಪ್ ಅಂತಲೇ ಕರೆಯುತ್ತೇನೆ.

ನಮ್ಮ ಗುಂಪಿನ ಹುಡುಗನೊಬ್ಬ ಜಪಾನಿನ ತೋಸಾ ಮಾಡುತ್ತಿದ್ದಾನೆ. ಅದೂ ಪೂರ್ತಿಯಾಗದ ಹಡಗೇ. ಆದರೆ ಅದರ ಹಲ್ 1921ರ ಡಿಸೆಂಬರಿನಲ್ಲಿ ನೀರಿಗಿಳಿದಿತ್ತು, ಆಮೇಲೆ ಅದನ್ನು ಗುರಿ ಮಾಡಿ ಹೊಡೆದು ಪರೀಕ್ಷೆ ಮಾಡಿ, 1925ರಲ್ಲಿ ಮುಳುಗಿಸಿದರು. ಅವನಿಗೆ ಫೋಟೋ ಇದೆ. ಅಮೆರಿಕದ ವಾಷಿಂಗ್ಟನ್ ಅನ್ನುವ ಹಡಗು ಕೂಡ ಹಾಗೆಯೇ, ಮುಕ್ಕಾಲು ಪಾಲು ಮುಗಿದಿದ್ದನ್ನು 1924ರಲ್ಲಿ ಮುಳುಗಿಸಿದರು. ನನ್ನ ಜಿ3ಗೆ ಏನಿದೆ? ಪಕ್ಕದ ನೋಟ, ಮೇಲಿನ ನೋಟ, ಒಂದಿಷ್ಟು ಅಂಕಿ. ನೀರಿನ ಕೆಳಗೆ ಹೊಟ್ಟೆ ಹೇಗೆ ತಿರುಗುತ್ತದೆ ಅಂತ ತೋರಿಸುವ ಅಡ್ಡಸೀಳಿನ ನಕ್ಷೆ ನನ್ನ ಕೈಗೆ ಸಿಗಲಿಲ್ಲ. ಜಗಳವೆಲ್ಲ ಅಲ್ಲೇ.

ಮೊದಲ ಪ್ರಯತ್ನ ಎಲ್ಲರೂ ಮಾಡುವಂಥದ್ದೇ. ಜಿ3 ರದ್ದಾದ ಮೇಲೆ ಬ್ರಿಟಿಷರು ಕಟ್ಟಿದ ನೆಲ್ಸನ್ ಹಡಗಿನ 1:700 ಕಿಟ್ (ನಿಜವಾದ ಅಳತೆಯ ಏಳುನೂರರಲ್ಲಿ ಒಂದು ಪಾಲು) ಎರಡು ತರಿಸಿದೆ. ನೆಲ್ಸನ್ ಅಗಲ 106 ಅಡಿ, ಜಿ3 ಅಗಲವೂ 106 ಅಡಿ. ಉದ್ದ ಮಾತ್ರ 710 ಅಡಿಯಿಂದ 856ಕ್ಕೆ ಏರಬೇಕು. ಮಧ್ಯೆ ಕುಯ್ದು ಆರು ಸೆಂಟಿಮೀಟರ್ ತುಂಡು ಸೇರಿಸಿದರೆ ಮುಗಿಯಿತಲ್ಲ ಅಂದುಕೊಂಡೆ. ಸೇರಿಸಿದೆ. ನೋಡಿದರೆ ಪ್ಯಾಸೆಂಜರ್ ರೈಲಿಗೆ ಇನ್ನೊಂದು ಬೋಗಿ ಸಿಕ್ಕಿಸಿದ ಹಾಗಿತ್ತು. ನೆಲ್ಸನ್ 23 ನಾಟ್, ಅಂದರೆ ಗಂಟೆಗೆ 23 ನಾಟಿಕಲ್ ಮೈಲಿ, ಓಡುವ ಹಡಗು, ಅದರ ಮೂತಿ ಆ ವೇಗಕ್ಕೆ ಮಾಡಿದ್ದು. 31-32 ನಾಟ್ ಓಡಬೇಕಾದ ಹಡಗಿಗೆ ಆ ಮೂತಿ ಇಟ್ಟರೆ ಹೇಗೆ? ಹೊಟ್ಟೆ ಉದ್ದವಾಯಿತೇ ಹೊರತು ಮೂತಿ ಉದ್ದವಾಗಲಿಲ್ಲ. ಏಳು ಸಾವಿರ ರೂಪಾಯಿ ಹೋಯಿತು.

ಎರಡನೆಯದು ತ್ರೀಡಿ ಪ್ರಿಂಟ್. ಅಳತೆ 1:350ಕ್ಕೆ ಏರಿಸಿದೆ. ಒಂದು ಕಡೆ ನಾಲ್ಕು ತುಂಡಾಗಿ ಮಾಡಿಸಿದೆ, ಒಂಬತ್ತು ಸಾವಿರ ತೆಗೆದುಕೊಂಡರು. ಮನೆಗೆ ತಂದು ಟೇಬಲ್ ಮೇಲಿಟ್ಟರೆ ನಾಲ್ಕೂ ತುಂಡಿನ ಮೂಲೆ ಹಪ್ಪಳದ ಹಾಗೆ ಮೇಲೆದ್ದಿತ್ತು. ಪುಟ್ಟಿ ಹಾಕಿ ಹಾಕಿ ಉಜ್ಜಿದೆ. ಆದರೆ ನಿಜವಾದ ತಪ್ಪು ಪ್ರಿಂಟಿನದ್ದಲ್ಲ, ನನ್ನದು. ಕಂಪ್ಯೂಟರಿನಲ್ಲಿ ಆಕಾರ ಬಿಡಿಸಿದ್ದು ನಾನೇ, ಕಣ್ಣಂದಾಜಿನಲ್ಲಿ. ಮೂವತ್ತು ವರ್ಷ ಡ್ರಾಯಿಂಗ್ ಆಫೀಸಿನಲ್ಲಿ ಕೂತವನು ಕಣ್ಣಂದಾಜಿನಲ್ಲಿ ಗೆರೆ ಎಳೆದೆ ಅಂದರೆ ಯಾರಾದರೂ ನಂಬುತ್ತಾರಾ?

ಒಂದು ರಾತ್ರಿ ನಿದ್ದೆ ಬಾರದೆ ಹೊಳೆದದ್ದು ಇಷ್ಟೇ. ಚಿತ್ರದಿಂದ ಶುರು ಮಾಡಬಾರದು, ತೂಕದಿಂದ ಶುರು ಮಾಡಬೇಕು. ಬ್ರಿಟಿಷ್ ನೌಕಾಪಡೆಯ ಹಡಗು ವಿನ್ಯಾಸದ ಮುಖ್ಯಸ್ಥ ಟೆನಿಸನ್ ಡಿ'ಐನ್‌ಕೋರ್ಟ್ ಮತ್ತು ಅವರ ಜನ ಹಾಗೆ ಅಲ್ವಾ ಮಾಡಿದ್ದು? ಇಷ್ಟು ತೋಪು, ಇಷ್ಟು ಕವಚ, ಇಷ್ಟು ಯಂತ್ರ, ಒಟ್ಟು ಇಷ್ಟು ಟನ್. ಜಿ3ಯದ್ದು 48,400 ಟನ್. ಸಮುದ್ರದ ನೀರು ಟನ್ನಿಗೆ 35 ಘನ ಅಡಿ. ಅಂದರೆ ನೀರೊಳಗಿನ ಭಾಗ ಸುಮಾರು 16,94,000 ಘನ ಅಡಿ. 856 ಅಡಿ ಉದ್ದ, 106 ಅಡಿ ಅಗಲ, 32.5 ಅಡಿ ಆಳದ ಪೆಟ್ಟಿಗೆಯಲ್ಲಿ ಹಡಗು ತುಂಬುವುದು ನೂರಕ್ಕೆ 57-58 ಪಾಲು. ಈ ಒಂದು ಅಂಕಿ ಸಿಕ್ಕಿದ ಮೇಲೆ ಹೊಟ್ಟೆಯ ಆಕಾರ ನಿಮ್ಮಿಷ್ಟದಂತೆ ಆಡುವ ಹಾಗಿಲ್ಲ. ಮಧ್ಯದಲ್ಲಿ ದಪ್ಪ ಮಾಡಿದರೆ ತುದಿಯಲ್ಲಿ ಸಣ್ಣ ಮಾಡಲೇಬೇಕು.

ಅದನ್ನೇ 1:350ಕ್ಕೆ ಇಳಿಸಿ. ಉದ್ದ 745 ಮಿಲಿಮೀಟರ್, ಅಗಲ 92, ಆಳ 28. ಮಾಡೆಲ್ ಸರಿಸುಮಾರು 1,120 ಮಿಲಿಲೀಟರ್ ನೀರು ಸರಿಸಬೇಕು. ಹಾಗಾದರೆ ಹಲ್ ಒಳಗೆ ಸೀಸ ತುಂಬಿ ಒಟ್ಟು ತೂಕ 1,120 ಗ್ರಾಂ ಮಾಡಿ ಟಬ್ಬಿಗೆ ಬಿಟ್ಟರೆ, 28 ಮಿಲಿಮೀಟರಿಗೆ ಎಳೆದ ಗೆರೆಯವರೆಗೆ ಮುಳುಗಬೇಕು. ಮೇಲೆ ನಿಂತರೆ ಹಲ್ ದಪ್ಪ, ಕೆಳಗೆ ಹೋದರೆ ತೆಳು. ಇದನ್ನು ಗುಂಪಿನಲ್ಲಿ ಹೇಳಿದಾಗ "ಮರ ನೀರು ಕುಡಿಯುತ್ತೆ, ಮಳೆಗಾಲಕ್ಕೆ ಸೊಟ್ಟ ಆಗುತ್ತೆ" ಅಂತ ಮತ್ತೆ ನಗು.

ಮರ ಯಾವುದು ಅನ್ನುವುದೇ ದೊಡ್ಡ ಪ್ರಶ್ನೆ. ಬಾಲ್ಸಾ ದುಬಾರಿ, ಉಗುರು ತಾಗಿದರೆ ಗುಳಿ ಬೀಳುತ್ತದೆ. ತೇಗದ ಎಳೆ ಈ ಅಳತೆಗೆ ಒರಟು. ಚನ್ನಪಟ್ಟಣದ ಬೊಂಬೆ ಮಾಡುವ ಆಲೆ ಮರ ನೆನಪಾಯಿತು. ಬೆಳ್ಳಗೆ, ನುಣ್ಣಗೆ, ಎಳೆ ಕಾಣುವುದೇ ಇಲ್ಲ, ಉಳಿ ಹಾಕಿದರೆ ಬೆಣ್ಣೆಯ ಹಾಗೆ ಬರುತ್ತದೆ. ಅಲ್ಲಿ ಲೇತು ಇಟ್ಟುಕೊಂಡಿರುವ ಒಬ್ಬರ ಪರಿಚಯ ಮಾಡಿಕೊಂಡು ಒಣಗಿದ ಮರವನ್ನೇ ಹಲಗೆ ಸೀಳಿಸಿದೆ. ಉದ್ದ ಹಲಗೆ ಸಿಗುವುದು ಕಷ್ಟ, ಬೊಂಬೆಗೆ ಉದ್ದ ಯಾಕೆ ಬೇಕು? ಎರಡು ಸಲ ಬರಿಗೈಯಲ್ಲಿ ವಾಪಸ್ ಬಂದೆ.

ನಾಲ್ಕು ಮಿಲಿ ದಪ್ಪದ ಏಳು ಹಲಗೆ ಪೇರಿಸಿದರೆ 28 ಮಿಲಿ ಆಯಿತು, ನೀರಿನ ಗೆರೆ ಬಂತು. ಅದರ ಮೇಲೆ ಇನ್ನಷ್ಟು ಹಲಗೆ. ಪ್ರತಿ ಹಲಗೆಯನ್ನೂ ಅದರದೇ ಗೆರೆಗೆ ಫ್ರೆಟ್ ಗರಗಸದಲ್ಲಿ ಕುಯ್ದು, ಒಳಗೆ ಖಾಲಿ ಮಾಡಿ, ದೋಸೆ ಮೇಲೆ ದೋಸೆ ಇಟ್ಟ ಹಾಗೆ ಅಂಟಿಸುವುದು. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದನ್ನು ಕೆತ್ತಿ, 21 ಕಡೆ ಆಕಾರ ತಾಳೆ ನೋಡಲು ರಟ್ಟಿನ ಟೆಂಪ್ಲೆಟ್ ಹಿಡಿದು, ಉಪ್ಪುಕಾಗದ. ವಿಧಾನ ಹಳೆಯದೇ, ನಿಮಗೆಲ್ಲ ಗೊತ್ತಿರುವುದೇ.

ಮೊದಲ ಮರದ ಹಲ್ 1,120 ಗ್ರಾಮಿಗೆ ಮೂರು ಮಿಲಿಮೀಟರ್ ಮೇಲೆ ನಿಂತಿತು. ಲೆಕ್ಕ ಹಾಕಿದರೆ ಸುಮಾರು 140 ಮಿಲಿಲೀಟರ್ ಜಾಸ್ತಿ ಕೊಬ್ಬು. ಹಡಗಿನ ಅಳತೆಯಲ್ಲಿ ಆರು ಸಾವಿರ ಟನ್! ಒಂದು ಕ್ರೂಸರನ್ನೇ ಬಗಲಲ್ಲಿ ಇಟ್ಟುಕೊಂಡ ಹಾಗೆ. ಕೆತ್ತಿ ಸರಿ ಮಾಡೋಣ ಅಂದರೆ ಗೋಡೆ ತೂತಾಯಿತು. ಎರಡನೆಯದು ಆಕಾರದಲ್ಲಿ ಹತ್ತಿರ ಬಂದಿತ್ತು. ಆದರೆ ಮಾಮೂಲಿ ಬಿಳಿ ಅಂಟು ಹಾಕಿದ್ದೆ. ಟಬ್ಬಿನಲ್ಲಿ ಬಿಟ್ಟು ಊಟಕ್ಕೆ ಹೋಗಿ ಬಂದೆ. ಬರುವಷ್ಟರಲ್ಲಿ ಕೆಳಗಿನ ಎರಡು ಹಲಗೆ ಬಾಯಿ ಬಿಟ್ಟಿದ್ದವು, ಸೀಸದ ಗುಂಡು ಟಬ್ಬಿನ ತಳದಲ್ಲಿ. ಮೊಮ್ಮಗಳು "ತಾತ, ಟೈಟಾನಿಕ್" ಅಂದಳು. ಮೂರನೆಯದಕ್ಕೆ ಅರಾಲ್ಡೈಟ್, ಒಳಗೂ ಹೊರಗೂ ಸೀಲರ್. ಹಲಗೆಗಳ ಎಳೆಯನ್ನು ಯಾವ ಕ್ರಮದಲ್ಲಿ ತಿರುಗಿಸಿ ಜೋಡಿಸಿದರೆ ಸೊಟ್ಟ ಆಗುವುದಿಲ್ಲ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾನು ಎರಡು ಮಳೆಗಾಲ ಕಳೆದಿದ್ದೇನೆ. ಮನೆಗೆ ಬಂದರೆ, ಕಾಫಿ ಕುಡಿಯುತ್ತಾ ತೋರಿಸಬಹುದೇನೋ, ನೋಡೋಣ.

ಮೂರನೆಯ ಹಲ್ ಆಳದಲ್ಲಿ ಸರಿ ಕೂತಿತು, ಆದರೆ ಮೂತಿ ನಾಲ್ಕು ಮಿಲಿ ಕೆಳಗೆ. ಇಲ್ಲಿ ನನಗೆ ಖುಷಿ ಕೊಟ್ಟ ಸಂಗತಿ ಹೇಳಬೇಕು. ಜಿ3ಯ ತೋಪಿನ ಗೋಪುರ ಮೂರೂ ಮುಂದೆಯೇ. ಎರಡು ಬ್ರಿಡ್ಜಿನ (ಹಡಗು ನಡೆಸುವ ಕಟ್ಟೆಯ) ಮುಂದೆ, ಒಂದು ಬ್ರಿಡ್ಜಿನ ಬೆನ್ನಿಗೆ, ಚಿಮಣಿಗಳಿಗಿಂತ ಮುಂದೆ. ಇಂಥ ಗೋಪುರ ಒಂದೊಂದು 1,500 ಟನ್ನಿನ ಆಸುಪಾಸು. ನನ್ನ ಅಳತೆಯಲ್ಲಿ 35 ಗ್ರಾಂ. ಮೂರಕ್ಕೂ ಅಷ್ಟಷ್ಟೇ ಸೀಸ ತುಂಬಿದ್ದೆ, ಉಳಿದ ಸೀಸವನ್ನು ಉದ್ದಕ್ಕೂ ಸಮನಾಗಿ ಹರಡಿದ್ದೆ. ಮೂತಿ ಬಗ್ಗದೆ ಏನು ಮಾಡುತ್ತದೆ? 1,60,000 ಕುದುರೆಶಕ್ತಿಯ ಯಂತ್ರವೆಲ್ಲ ಹಿಂದೆ ಇರುವುದು ನೆನಪಾಗಿ, ಸೀಸ ಹಿಂದಕ್ಕೆ ತಳ್ಳಿದೆ. ಒಂದು ಗುಂಡು, ಎರಡು ಗುಂಡು... ಹನ್ನೊಂದನೆಯ ಗುಂಡಿಗೆ ಮೂತಿ ಮೆಲ್ಲಗೆ ಎದ್ದು ಗೆರೆ ಸಮ ಆಯಿತು. ಅರ್ಧ ಮಿಲಿ ವ್ಯತ್ಯಾಸ, ಅಷ್ಟೇ. ನಮ್ಮ ಮನೆಯವರನ್ನು ಕರೆದು ತೋರಿಸಿದೆ. "ಅಡುಗೆಮನೆ ತಕ್ಕಡಿ ಈಗಲಾದರೂ ವಾಪಸ್ ಕೊಡಿ" ಅಂದರು.

ಚನ್ನಪಟ್ಟಣದವರು ಗೋಪುರ ನೋಡಿದಾಗ ಕೇಳಿದ ಪ್ರಶ್ನೆ ಇನ್ನೂ ಮಜವಾಗಿತ್ತು. ಆರು ಇಂಚಿನ ಜೋಡಿ ತೋಪುಗಳ ಎಂಟು ಪುಟ್ಟ ಗೋಪುರ ಅವರ ಲೇತಿನಲ್ಲೇ ಕಡೆಸಿದ್ದು.

"ಸಾರ್, ದೊಡ್ಡ ತೋಪು ಹಿಂದ್ಗಡೆ ಒಂದೂ ಇಲ್ವಲ್ಲ. ಹಿಂದಿಂದ ಬಂದ್ರೆ?"

"ಓಡೋದೇ. ಅದಕ್ಕೇ ಅಲ್ವಾ 31 ನಾಟ್."

"ಓಡೋದಾದ್ರೆ ಇಷ್ಟೊಂದು ತೋಪ್ ಯಾಕ್ ಸಾರ್?"

ನಕ್ಕೆ, ಆದರೆ ಅದಕ್ಕೆ ಉತ್ತರ ಇದೆ. 1916ರಲ್ಲಿ ಜಟ್ಲೆಂಡ್ ಕದನದಲ್ಲಿ ಬ್ರಿಟಿಷರ ಮೂರು ಬ್ಯಾಟಲ್‌ಕ್ರೂಸರ್ ಸ್ಫೋಟವಾಗಿ ಹೋದವು. ಮದ್ದಿನ ಕೋಣೆ ಉಳಿದರೆ ಹಡಗು ಉಳಿಯುತ್ತದೆ. ತೋಪೆಲ್ಲ ಒಂದೇ ಕಡೆ ಗುಂಪಾಗಿ ಇಟ್ಟರೆ ಮದ್ದಿನ ಕೋಣೆಗಳೂ ಒಂದೇ ಕಡೆ, ಕವಚ ಹೊದಿಸಬೇಕಾದ ಜಾಗ ಚಿಕ್ಕದು, ಉಳಿದ ಟನ್ನನ್ನು ದಪ್ಪಕ್ಕೆ ಹಾಕಬಹುದು. ಮದ್ದಿನ ಕೋಣೆಯ ಮೇಲೆ ಡೆಕ್ಕಿನ ಉಕ್ಕು 8 ಇಂಚು, ಯಂತ್ರದ ಮೇಲೆ ಅದರ ಅರ್ಧ. ಪಕ್ಕದ 14 ಇಂಚಿನ ಕವಚ 18 ಡಿಗ್ರಿ ಓರೆ. ಇಷ್ಟೆಲ್ಲ ತೂಕದ ಆ 14 ಇಂಚು ನನ್ನ ಅಳತೆಯಲ್ಲಿ ಬರೀ ಒಂದು ಮಿಲಿ!

ಹೆಸರಿನ ವಿಷಯ ಗೊತ್ತಲ್ಲ? ಬ್ಯಾಟಲ್‌ಕ್ರೂಸರ್ ನಕ್ಷೆಗಳಿಗೆ ಅಕ್ಷರ ಹಿಂದುಮುಂದು. ಕೆ, ಜೆ, ಐ, ಎಚ್ ಅಂತ ಹಿಂದಕ್ಕೆ ಬಂದು ಜಿಯಲ್ಲಿ ನಿಂತರು. ಬ್ಯಾಟಲ್‌ಶಿಪ್ಪಿಗೆ ಎಲ್, ಎಂ, ಎನ್ ಅಂತ ಮುಂದಕ್ಕೆ. 3 ಅಂದರೆ ಗೋಪುರಕ್ಕೆ ಮೂರು ತೋಪು. ನಾನು ಸುಮ್ನೆ ಇರಲಾರದೆ ಎನ್3 ಬ್ಯಾಟಲ್‌ಶಿಪ್ ನಕ್ಷೆಯ 18 ಇಂಚಿನ ತೋಪಿನ ಗೋಪುರ ಒಂದನ್ನು ಕೆತ್ತಿ ಜಿ3 ಮೇಲಿಟ್ಟು ನೋಡಿದೆ. ಹುಡುಗನಿಗೆ ಅಪ್ಪನ ಟೋಪಿ ಹಾಕಿದ ಹಾಗಿತ್ತು. ಅದು ಈಗ ನನ್ನ ಪೇಪರ್‌ವೇಟ್.

ತೋಪಿನ ನಳಿಗೆಗೆ ಸೈಕಲ್ ಕಡ್ಡಿ. ಎರಡು ಮಿಲಿ ಉಕ್ಕು, ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸುತ್ತಾ ಅರದಲ್ಲಿ ತುದಿ ಸಣ್ಣ ಮಾಡುವುದು. ಒಂಬತ್ತಕ್ಕೆ ಹದಿನಾಲ್ಕು ಹಾಳು. ಖರ್ಚು ಐವತ್ತೋ ಅರವತ್ತೋ ರೂಪಾಯಿ. ಇಡೀ ಮಾಡೆಲ್ಲಿನಲ್ಲಿ ಜನ ಜಾಸ್ತಿ ಹೊಗಳುವುದು ಇದನ್ನೇ. ಬೊಂಬೆಗೆ ಹಾಕುವ ಅರಗನ್ನೇ ಹಲ್‌ಗೂ ಹಾಕೋಣ ಅಂತ ಒಂದು ಹುಚ್ಚು ಹತ್ತಿತ್ತು. ಲೇತಿನಲ್ಲಿ ತಿರುಗುವ ಬೊಂಬೆಗೆ ಉಜ್ಜಿದ ಬಿಸಿಗೇ ಅರಗು ಹತ್ತುತ್ತದೆ, ಹಡಗು ತಿರುಗುತ್ತದಾ? ಬಿಸಿ ಮಾಡಿ ಬಳಿದೆ. ತಣ್ಣಗಾದ ಮೇಲೆ ಬಿರುಕು. ಕಂಬಿಬೇಲಿಗೆ ಸೊಳ್ಳೆಪರದೆ ಕತ್ತರಿಸಿ ಅಂಟಿಸಿದ್ದೂ ಹಾಳೇ.

ದುಡ್ಡು: ಕಿಟ್ ಏಳು ಸಾವಿರ, ಪ್ರಿಂಟ್ ಒಂಬತ್ತು, ಹಾಳಾದ ಎರಡು ಹಲ್‌ಗೆ ಮರ, ಅಂಟು, ಓಡಾಟ ಸೇರಿ ಐದಾರು ಸಾವಿರ, ಮೂರನೆಯದಕ್ಕೆ ಬಣ್ಣವೂ ಸೇರಿ ನಾಲ್ಕೂವರೆ ಇರಬಹುದು. ಒಟ್ಟು ಇಪ್ಪತ್ತೈದು ಇಪ್ಪತ್ತಾರು ಸಾವಿರ. ಮನೆಯಲ್ಲಿ ಹನ್ನೆರಡು ಅಂತ ಹೇಳಿದ್ದೇನೆ. ಮೊದಲೇ ಈ ದಾರಿ ಹಿಡಿದಿದ್ದರೆ ನಾಲ್ಕೂವರೆಯಲ್ಲೇ ಮುಗಿಯುತ್ತಿತ್ತು.

ಕೊನೆಗೆ ಗುಂಪಿನ ಸಭೆಗೆ ಒಯ್ದೆ. ಜೊತೆಗೆ ಅದೇ ಅಳತೆಯ ನೆಲ್ಸನ್ ಪಕ್ಕದ ನೋಟವನ್ನು ರಟ್ಟಿನಲ್ಲಿ ಕತ್ತರಿಸಿ ಒಯ್ದಿದ್ದೆ, 618 ಮಿಲಿ ಉದ್ದ. ವಾಷಿಂಗ್ಟನ್ ಸಮ್ಮೇಳನದ ಒಪ್ಪಂದದಲ್ಲಿ 35,000 ಟನ್ನಿನ ಮಿತಿ ಬಂದ ಮೇಲೆ ಜಿ3ಯ ತೋಪನ್ನೂ ಯೋಚನೆಯನ್ನೂ ಉಳಿಸಿಕೊಂಡು, ಉದ್ದ ಮತ್ತು ವೇಗ ಕತ್ತರಿಸಿ ಮಾಡಿದ ಹಡಗುಗಳೇ ನೆಲ್ಸನ್ ಮತ್ತು ರಾಡ್ನಿ. ಜಾರ್ಜ್ ವಾಷಿಂಗ್ಟನ್ ಚಿಕ್ಕವನಿದ್ದಾಗ ಚೆರ್ರಿ ಮರ ಕಡಿದ ಕಥೆ ಇದೆಯಲ್ಲ, ಹಾಗೆ ವಾಷಿಂಗ್ಟನ್ನಿನಲ್ಲಿ ಕಡಿದವು ಅಂತ ಇವನ್ನು ಚೆರ್ರಿ ಮರದ ಹಡಗು ಅಂತ ತಮಾಷೆ ಮಾಡುತ್ತಿದ್ದರಂತೆ. ರಟ್ಟನ್ನು ಪಕ್ಕಕ್ಕೆ ಹಿಡಿದಾಗ ಯಾರಿಗೂ ವಿವರಿಸಬೇಕಾಗಲಿಲ್ಲ.

ಹಿರಿಯರು ಏನೂ ಮಾತಾಡದೆ ಟಬ್ಬಿನ ಹತ್ತಿರ ಕೂತರು. ತಾವೇ ತೂಗಿದರು, 1,123 ಗ್ರಾಂ ಬಂತು. ತಾವೇ ನೀರಿಗಿಟ್ಟರು. ಬಗ್ಗಿ ಗೆರೆ ನೋಡಿದರು, ಎಡಗಡೆ, ಬಲಗಡೆ, ಮೂತಿ. ಆಮೇಲೆ ಜೇಬಿನಿಂದ ಸ್ಟೀಲ್ ಸ್ಕೇಲ್ ತೆಗೆದು ಹಿಂಭಾಗದಲ್ಲಿ ಹಿಡಿದರು.

"ಬಾಲದ ಹತ್ತಿರ ಒಂದು ಮಿಲಿ ದಪ್ಪ ಆಗಿದೆ ನೋಡಿ."

ಆಗಿದೆ. ಎಡಗಡೆ ಮಾತ್ರ. ಅಲ್ಲಿ ಪುಟ್ಟಿ ಹಾಕಿದ್ದು ಯಾರಿಗೂ ಗೊತ್ತಾಗಲ್ಲ ಅಂದುಕೊಂಡಿದ್ದೆ.