ಪತ್ತೇದಾರಿ ಸಿನಿಮಾ ಮನೆಯಲ್ಲಿ: ಮಕ್ಕಳಿಂದ ಸುಳಿವು ಹುಡುಕಿಸುವ ಬಗೆ

‘ನ್ಯಾನ್ಸಿ ಡ್ರೂ ಅಂಡ್ ದ ಹಿಡನ್ ಸ್ಟೇರ್‌ಕೇಸ್’ (2019) ಒಂಬತ್ತು ದಾಟಿದ ಮಕ್ಕಳ ಜೊತೆ ಕೂತು ನೋಡಲು ಹೇಳಿ ಮಾಡಿಸಿದ ಚಿತ್ರ. ಅವಧಿ ಒಂದೂವರೆ ಗಂಟೆ, ರಕ್ತಪಾತದ ರಗಳೆಯಿಲ್ಲ. ಮೂಲ ಕಾದಂಬರಿ 1930ರದ್ದು, ನ್ಯಾನ್ಸಿ ಡ್ರೂ ಎಂಬ ಹದಿಹರೆಯದ ಪತ್ತೇದಾರಿ ಹುಡುಗಿಯ ಸರಣಿಯಲ್ಲಿ ಎರಡನೆಯದು. ಒಂದೇ ಉಸಿರಿಗೆ ನೋಡಿ ಮುಗಿಸಿದರೆ ಮಾತ್ರ ಇದು ಬರೀ ದೆವ್ವದ ಮನೆ ಕಥೆಯಾಗಿಬಿಡುತ್ತದೆ. ಮೂರು ಕಡೆ ನಿಲ್ಲಿಸಿ ನೋಡಿ.

ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲು ದೊಡ್ಡವರೊಬ್ಬರು ಮೊದಲೇ ನೋಡಿ ಸಮಯ ಬರೆದಿಟ್ಟುಕೊಳ್ಳಬೇಕು. ವಿಚಿತ್ರ ನಡೆದ ಮೇಲೆ, ಅದಕ್ಕೆ ಕಾರಣ ಗೊತ್ತಾಗುವ ಮೊದಲು ನಿಲ್ಲಿಸುವುದು ಸರಿಯಾದ ಜಾಗ. ಕಥೆಯಲ್ಲಿ ಬರುವ ಫ್ಲೋರಾ ಅಜ್ಜಿಯ ಹಳೇ ಮನೆಯಲ್ಲಿ ಗಲಾಟೆ ಎದ್ದ ಕೂಡಲೇ ಒಂದು. ಅಪರಾಧಿ ಯಾರೆಂದು ಬಯಲಾಗುವ ಮುಂಚೆ ಕೊನೆಯದು. ಮೂರಕ್ಕಿಂತ ಹೆಚ್ಚಾದರೆ ಮಕ್ಕಳು ರಿಮೋಟ್ ಕಿತ್ತುಕೊಳ್ಳುತ್ತಾರೆ.

ಪ್ರತಿಯೊಬ್ಬರಿಗೂ ಒಂದು ಹಾಳೆ, ಅದರಲ್ಲಿ ಎರಡು ಕಾಲಂ: ‘ಕಂಡದ್ದು’, ‘ಅಂದುಕೊಂಡದ್ದು’. ನಿಲ್ಲಿಸಿದಾಗೆಲ್ಲ ಐದು ನಿಮಿಷ ಬರೆಯಲಿ. ಮುಖ್ಯ ಕೆಲಸವೇ ಇದು, ಹೆಚ್ಚು ಮಕ್ಕಳು ಎಡವುವುದೂ ಇಲ್ಲೇ. ‘ದೆವ್ವ ಲೈಟ್ ಆರಿಸಿತು’ ಎಂದು ಮೊದಲ ಕಾಲಂನಲ್ಲಿ ಬರೆದಿದ್ದರೆ ಹೊಡೆದುಹಾಕಿಸಿ. ಕಂಡದ್ದು ಇಷ್ಟೇ: ಲೈಟ್ ಆರಿತು, ಹತ್ತಿರ ಯಾರೂ ಇರಲಿಲ್ಲ. ದೆವ್ವ ಎಂಬುದು ಎರಡನೇ ಕಾಲಂನ ಸರಕು. ‘ಅವನು ಕೆಟ್ಟವನು’ ಎಂಬುದಕ್ಕೂ ಅದೇ ಗತಿ. ಅವನು ಮಾಡಿದ್ದೇನು, ಆಡಿದ್ದೇನು ಅಂತ ಬರೆಸಿ.

ಇಂಗ್ಲಿಷ್ ಬಾರದ ಅಜ್ಜಿ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಪ್ರತಿ ಬಾರಿ ಒಬ್ಬ ಹುಡುಗನೋ ಹುಡುಗಿಯೋ ಅಲ್ಲಿವರೆಗಿನ ಕಥೆಯನ್ನು ಅವರಿಗೆ ಕನ್ನಡದಲ್ಲಿ ಹೇಳಲಿ. ನಡುವೆ ಹಿಂದಿ, ಮರಾಠಿ ನುಸುಳಿದರೆ ನುಸುಳಲಿ, ಮುಂಬೈ ಮಕ್ಕಳು ತಾನೇ. ‘ಅವಳು ಅಲ್ಲಿಗ್ಯಾಕೆ ಹೋದ್ಲು?’ ಎಂದು ಅಜ್ಜಿ ಕೇಳಿದಾಗಲೇ ಏನೇನು ಗಮನಿಸಿಲ್ಲ ಎಂಬುದು ಹೊರಬೀಳುತ್ತದೆ.

ಆರು ಮಕ್ಕಳಿಗೆ 43 ಇಂಚಿನ ಟಿವಿ ಸಾಕು. ಪ್ರೊಜೆಕ್ಟರ್ ತರುವುದಾದರೆ ಮೊದಲು ಜಾಗ ಅಳೆಯಿರಿ. ಮೂಲೆಯಿಂದ ಮೂಲೆಗೆ 100 ಇಂಚಿನ ಚಿತ್ರದ ಅಗಲ ಏಳು ಅಡಿ ಮೂರು ಇಂಚು. ಚಿತ್ರದ ಅಗಲದ ಒಂದೂವರೆ ಪಟ್ಟು ದೂರ ಬೇಡುವ ಪ್ರೊಜೆಕ್ಟರನ್ನು ಗೋಡೆಯಿಂದ ಸುಮಾರು ಹನ್ನೊಂದು ಅಡಿ ಹಿಂದಿಡಬೇಕು. ಮುಂಬೈ ಪಕ್ಕದ ಡೊಂಬಿವಲಿಯ ಒನ್ ಬಿಎಚ್‌ಕೆ ಹಾಲ್‌ನಲ್ಲಿ ಸೋಫಾ ಬಿಟ್ಟು ಅಷ್ಟು ಜಾಗ ಸಿಗುವುದು ಕಷ್ಟ. 80 ಇಂಚಿಗೆ ಇಳಿಸಿದರೆ ಒಂಬತ್ತು ಅಡಿಯೊಳಗೆ ಮುಗಿಯುತ್ತದೆ. ಫೋನಿನ ಪರದೆಯನ್ನೇ ಪ್ರೊಜೆಕ್ಟರಿನಲ್ಲಿ ಮೂಡಿಸಿದಾಗ (ಮಿರರ್ ಮಾಡಿದಾಗ) ಧ್ವನಿ ಬಂದು ಪರದೆ ಕಪ್ಪಗಾದರೆ ಕೇಬಲ್ ಬೈಯಬೇಡಿ: ನಕಲು ತಡೆಯಲು ಒಟಿಟಿ ಆ್ಯಪ್‌ಗಳೇ ಚಿತ್ರವನ್ನು ಮರೆಮಾಡುತ್ತವೆ. ಸ್ಟ್ರೀಮಿಂಗ್ ಸ್ಟಿಕ್ ಅನ್ನು ನೇರ ಪ್ರೊಜೆಕ್ಟರಿಗೇ ಚುಚ್ಚಿ. ಸಂಘದ ಹಾಲ್‌ನಲ್ಲಿ ಎಲ್ಲರನ್ನೂ ಕರೆದು ತೋರಿಸುವುದಾದರೆ ಮನೆಯ ಒಟಿಟಿ ಚಂದಾ ಸಾಲದು, ಹಕ್ಕುದಾರರ ಲಿಖಿತ ಅನುಮತಿ ಬೇಕು.

ಸಿನಿಮಾ ಮುಗಿದ ಮೇಲೆ ಸ್ಟೀಲ್ ಟೇಪ್ ತೆಗೆಯಿರಿ, ಅಡಗಿದ ಜಾಗ ಹುಡುಕುವ ಆಟಕ್ಕೆ. ಟೈಲರ್ ಟೇಪ್ ಹಿಗ್ಗುತ್ತದೆ, ಬೇಡ. ಅಕ್ಕಪಕ್ಕದ ಎರಡು ಕೋಣೆಗಳ ಒಳ ಉದ್ದ ಅಳೆದು ನಡುಗೋಡೆಯ ದಪ್ಪ ಕೂಡಿಸಿ. ಗೋಡೆಯ ದಪ್ಪ ಬಾಗಿಲ ಬಳಿ ಸಿಗುತ್ತದೆ, ಚೌಕಟ್ಟು ಬಿಟ್ಟು ಅಳೆಯಿರಿ. ಆಮೇಲೆ ಅದೇ ಎರಡು ಕೊನೆಗಳ ನಡುವಿನ ಉದ್ದವನ್ನು ಪ್ಯಾಸೇಜಿನಲ್ಲಿ ಅಳೆಯಿರಿ. ಹಾಲ್ 14 ಅಡಿ, ಬೆಡ್‌ರೂಮ್ 10, ಗೋಡೆ ಆರು ಇಂಚು: ಒಟ್ಟು ಇಪ್ಪತ್ತನಾಲ್ಕೂವರೆ. ಪ್ಯಾಸೇಜ್ 27 ಬಂದರೆ ಎರಡೂವರೆ ಅಡಿ ಎಲ್ಲಿ ಹೋಯಿತು? ಒಂದೆರಡು ಇಂಚಿನ ವ್ಯತ್ಯಾಸ ಪ್ಲಾಸ್ಟರ್ ಮತ್ತು ಸ್ಕರ್ಟಿಂಗ್‌ನದ್ದು (ಗೋಡೆ ಬುಡದ ಪಟ್ಟಿ), ಲೆಕ್ಕಕ್ಕಿಲ್ಲ. ಟೇಪ್ ಜೋತುಬಿದ್ದರೆ ಅಳತೆ ಹೆಚ್ಚು ತೋರಿಸುತ್ತದೆ, ಹಾಗಾಗಿ ನೆಲಕ್ಕೆ ತಾಗಿಸಿಯೇ ಅಳೆಯಲಿ.

ನಮ್ಮ ಬಿಲ್ಡಿಂಗ್‌ಗಳಲ್ಲಿ ಅಷ್ಟು ಜಾಗ ಕಾಣೆಯಾದರೆ ಅಲ್ಲಿರುವುದು ಬಹುತೇಕ ಗೋಡೆಯೊಳಗಿನ ಕಪಾಟು, ಇಲ್ಲವೇ ಪೈಪ್‌ಗಳ ಡಕ್ಟ್. ಡಕ್ಟ್ ಎಂದು ಖಾತ್ರಿಯಾದರೆ ಆಟ ಅಲ್ಲಿಗೇ ನಿಲ್ಲಿಸಿ; ಕೆಲವು ಡಕ್ಟ್‌ಗಳು ಮೇಲಿನ ಮಹಡಿಯಿಂದ ತಳದವರೆಗೂ ಟೊಳ್ಳಾಗಿರುತ್ತವೆ, ಒಳಗೆ ಕಾಲಿಡಲು ನೆಲವೇ ಇರುವುದಿಲ್ಲ.